ಹೊತ್ತಿಗೆ ಮುಂಚೆ ತೆಗೆದ ಮುಚ್ಚಳ

ನಮ್ಮ ಮನೆತನ ಈ ನದಿದಂಡೆಯಲ್ಲಿ ಐದು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದೆ. ಮುತ್ತಜ್ಜ ಹಂಚಿನ ಕಾರ್ಖಾನೆಯ ಮೇಲ್ವಿಚಾರಕರು. ಅಜ್ಜ ಚರ್ಚಿನ ಸಭಾಹಿರಿಯರು. ತಂದೆಯವರು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಹೆಣ್ಣುಮಕ್ಕಳಾದ ನಾವೆಲ್ಲ ಕಾನ್ವೆಂಟಿನಲ್ಲಿ ಓದಿದವರು. ಬಾಗಿಲು ತಟ್ಟದೆ ಒಳಗೆ ಹೋಗುವುದು, ಕರೆಯದೆ ಊಟಕ್ಕೆ ಕೂರುವುದು ನಮಗೆ ಗೊತ್ತಿಲ್ಲ. ನಮ್ಮ ಹಿರಿಯರಲ್ಲಿ ಯಾರೂ ಇನ್ನೊಬ್ಬರೆದುರು ಕೈಮುಗಿದು "ತಪ್ಪಾಯಿತು" ಎನ್ನಬೇಕಾದ ಪ್ರಸಂಗ ಬಂದಿರಲಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇದು ತಿಳಿಯದಿದ್ದರೆ, ಆ ದಿನ ನಾನು ಕಂಡದ್ದು ಎಂಥದು ಎಂದು ನಿಮಗೆ ಅರ್ಥವಾಗದು.

ಸಲೋಮಿ ಅತ್ತೆ ನನ್ನ ತಂದೆಯ ತಂಗಿ. ಮದುವೆಯಾಗದೆ ಉಳಿದು, ನದಿಯ ಪಕ್ಕದ ಮನೆಯನ್ನೇ ಆಶ್ರಮ ಮಾಡಿಕೊಂಡಿದ್ದರು. ಬಂದವರಿಗೆ ಅವರು ಕಲಿಸುತ್ತಿದ್ದದ್ದು ಒಂದೇ ಕೆಲಸ: ಮುಚ್ಚಳವಿರುವ ಮಣ್ಣಿನ ಪಾತ್ರೆಯಲ್ಲಿ ಬ್ರೆಡ್ ಬೇಯಿಸುವುದು. ಉಳಿದದ್ದು ಅದರ ಜೊತೆಗೆ ಬರುತ್ತದೆ ಎನ್ನುತ್ತಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಬ್ರೆಡ್ ಯಾರದೋ, ಮುಚ್ಚಳ ತೆಗೆಯುವವರು ಅವರೇ. ಗಂಟೆ ಬಾರಿಸಿ ಎಲ್ಲರನ್ನೂ ಕರೆಯುವವರೂ ಅವರೇ. ಆ ಗಂಟೆಗಾಗಿ ಗುರುವೂ ಕಾಯಬೇಕು.

ಎಸ್ತೇರ್ ನನ್ನ ಜೊತೆ ಓದಿದವಳು. ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನಾನೇ.

"ಏನು ಕಲಿಯಬೇಕು?" ಸಲೋಮಿ ಅತ್ತೆ ಕೇಳಿದರು.

"ಬ್ರೆಡ್. ಮೇಲೆ ಗರಿಗರಿಯಾಗಿರಬೇಕು, ಒಳಗೆ ಮೆತ್ತಗೆ. ನನ್ನ ಮಗಳು ವಿನೋದಿನಿಗೆ ಅದು ಇಷ್ಟ."

"ಮಗಳು ಮನೆಗೆ ಬರುತ್ತಾಳಾ?"

"ಬರುವುದಿಲ್ಲ. ಮಾತೂ ಇಲ್ಲ. ಬ್ರೆಡ್ ಮಾಡಿ ಕಳಿಸುತ್ತೇನೆ. ತಿಂದರೆ ಮನಸ್ಸು ಕರಗಬಹುದು."

"ಮಾತು ಯಾಕೆ ನಿಂತಿತು?"

ಎಸ್ತೇರ್ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಅವಳು ಬಸುರಿಯಾಗಿದ್ದಳು," ಎಂದಳು. "ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ನನಗೊಬ್ಬಳಿಗೇ ಹೇಳಿದ್ದು. ಈಗಲೇ ಯಾರಿಗೂ ಬೇಡ ಅಮ್ಮ, ಅಂದಿದ್ದಳು. ನನಗೆ ಸಂತೋಷ ತಡೆಯಲಾಗಲಿಲ್ಲ. ದೇವರಿಗೆ ಕೃತಜ್ಞತೆಯೆಂದು ಚರ್ಚಿನಲ್ಲಿ ಸ್ತೋತ್ರಕಾಣಿಕೆ ಕೊಟ್ಟೆ. ಕಾಣಿಕೆ ಯಾತಕ್ಕೆ ಅಂತ ಪಾದ್ರಿಗಳು ಅವಳ ಹೆಸರು ಹೇಳಿ ಎಲ್ಲರೆದುರು ಓದಿದರು."

"ಆಮೇಲೆ?"

"ಆಮೇಲೆ ಮಗು ನಿಲ್ಲಲಿಲ್ಲ. ವಿಷಯ ತಿಳಿಯದವರು ಅವಳನ್ನು ದಾರಿಯಲ್ಲಿ ತಡೆದು ಶುಭ ಹೇಳಿದರು. ತಿಳಿದವರು, ಪರವಾಗಿಲ್ಲ, ಮುಂದಿನ ಸಲ ಆಗುತ್ತದೆ, ಅಂದರು. ಒಬ್ಬೊಬ್ಬರಿಗೂ ಅವಳೇ ಉತ್ತರ ಕೊಡಬೇಕಾಯಿತು."

"ನೀನು ಅವಳಿಗೆ ಏನು ಹೇಳಿದೆ?"

"ನಾನೇನು ಹೇಳುವುದು, ಅಮ್ಮ? ದೇವರಿಗೆ ಸ್ತೋತ್ರ ಹೇಳಿದ್ದು ತಪ್ಪಾ? ಮಗು ಹೋದದ್ದು ನನ್ನಿಂದಲಾ?"

"ಅಲ್ಲ," ಎಂದರು ಸಲೋಮಿ ಅತ್ತೆ. "ಪಾತ್ರೆಯನ್ನು ನೀರಿನಲ್ಲಿ ನೆನೆಹಾಕು."

ಎಸ್ತೇರ್ ಅಚ್ಚುಕಟ್ಟಿನ ಹೆಂಗಸು. ಹಿಟ್ಟು ನಾದುವುದು ಬೇಗ ಕೈಹತ್ತಿತು. ಹುಳಿ ಹಿಟ್ಟಿನ ವಾಸನೆ ನೋಡಿಯೇ ಬ್ರೆಡ್ ಏಳುತ್ತದೋ ಇಲ್ಲವೋ ಹೇಳುವಂತಾದಳು. ಆದರೆ ಪಾತ್ರೆ ಓವನ್ನಿನೊಳಗೆ ಹೋದ ಮೇಲೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮುಚ್ಚಳ ಎತ್ತಿ ಇಣುಕುವಳು. ಮತ್ತೆ ಎತ್ತುವಳು. ಬ್ರೆಡ್ ಚಪ್ಪಟೆಯಾಗಿ, ಬಿಳಿಚಿಕೊಂಡು ಹೊರಬರುತ್ತಿತ್ತು.

"ಹಿಟ್ಟು ಸರಿಯಿಲ್ಲ," ಎಂದಳು.

"ಹಿಟ್ಟು ಸರಿಯಿದೆ."

"ಹಾಗಾದರೆ ಕಾವು ಸಾಲದು."

"ಕಾವೂ ಸರಿಯಿದೆ. ಪಾತ್ರೆ ಕುಡಿದ ನೀರು ಹಬೆಯಾಗಿ ಹಿಟ್ಟಿನ ಮೈಯನ್ನು ಮೆತ್ತಗಿಡುತ್ತದೆ. ಮೆತ್ತಗಿದ್ದಷ್ಟು ಹೊತ್ತು ಅದು ಉಬ್ಬುತ್ತದೆ. ನೀನು ಮುಚ್ಚಳ ಎತ್ತಿದೆ, ಹಬೆ ಹೋಯಿತು."

"ಒಳಗೆ ಏನಾಗುತ್ತಿದೆ ಅಂತ ತಿಳಿಯಬೇಡವಾ?"

"ಯಾರಿಗೆ ತಿಳಿಯಬೇಕು? ಹಿಟ್ಟಿಗಾ, ನಿನಗಾ?"

ಹಿತ್ತಲಿಗೆ ಬಂದು ಎಸ್ತೇರ್ ನನ್ನನ್ನು ಕೇಳಿದಳು, "ನಿನ್ನ ಅತ್ತೆ ನಡೆಸುತ್ತಿರುವುದು ಅಡುಗೆಮನೆಯಾ, ಸಂಡೇ ಸ್ಕೂಲಾ?"

"ಎರಡರಲ್ಲೂ ನೀನು ಕೊನೆಯ ಬೆಂಚು," ಎಂದೆ.

ಆದರೂ ಅವಳು ಬಿಡಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಓವನ್ನಿನ ಎದುರು ಕೂರತೊಡಗಿದಳು. ನೋಡಲು ಚೆನ್ನಾಗಿರಲಿಲ್ಲ, ಆದರೆ ಬ್ರೆಡ್ ಏಳತೊಡಗಿತು.

ವಿನೋದಿನಿಯ ಹುಟ್ಟಿದ ದಿನ ಬಂತು. ಬ್ರೆಡ್ ತೆಗೆದುಕೊಂಡು ಹೋಗಲು ಅವಳ ಗಂಡ, ಎಸ್ತೇರಳ ಅಳಿಯ, ಕಾರಿನಲ್ಲಿ ಆಶ್ರಮಕ್ಕೇ ಬರುವುದೆಂದು ಗೊತ್ತಾಗಿತ್ತು. ಅವನು ಮಾತ್ರ ಎಸ್ತೇರಳ ಮನೆಗೆ ಬಂದುಹೋಗುವುದನ್ನು ಬಿಟ್ಟಿರಲಿಲ್ಲ.

ಅಂದಿನ ಹಿಟ್ಟು ಎಸ್ತೇರ್ ನಾದಿದವುಗಳಲ್ಲೆಲ್ಲ ಚೆನ್ನಾಗಿತ್ತು. ಪಾತ್ರೆಯನ್ನು ಒಳಗಿಟ್ಟು, ಬಾಗಿಲು ಹಾಕಿ, ಅವಳು ಎದ್ದು ನಿಂತಳು.

"ನಾನು ಸೀರೆ ಬದಲಿಸಿ ಬರುತ್ತೇನೆ," ಎಂದು ಹೋದಳು. ತಿರುಗಿಯೂ ನೋಡಲಿಲ್ಲ.

ಅವಳು ಹೋದ ಸ್ವಲ್ಪ ಹೊತ್ತಿಗೆ ಸಲೋಮಿ ಅತ್ತೆ ಎದ್ದರು. ಓವನ್ನಿನ ಬಾಗಿಲು ತೆರೆದರು. ಬಟ್ಟೆಯಲ್ಲಿ ಹಿಡಿದು ಮುಚ್ಚಳ ತೆಗೆದರು.

ನಾನು ತಟ್ಟೆಗಳನ್ನು ಒರೆಸುತ್ತಿದ್ದೆ. ಕೈ ನಿಂತುಬಿಟ್ಟಿತು.

ಬ್ರೆಡ್ ದುಂಡಗೆ ಉಬ್ಬಿತ್ತು. ಮೇಲೆ ಇನ್ನೂ ಬಣ್ಣ ಬಂದಿರಲಿಲ್ಲ. ಅವರು ಅದನ್ನು ಎತ್ತಿ ಹಲಗೆಯ ಮೇಲಿಟ್ಟು, ಗಂಟೆ ಬಾರಿಸಿದರು.

ಆಶ್ರಮದವರೆಲ್ಲ ಬಂದರು. ಆಗಷ್ಟೇ ಕಾರಿನಿಂದಿಳಿದ ಅಳಿಯನೂ ಬಂದು ನಿಂತ.

"ಇದು ಎಸ್ತೇರಳ ಬ್ರೆಡ್," ಎಂದರು ಸಲೋಮಿ ಅತ್ತೆ. "ದೇವರಿಗೆ ಸ್ತೋತ್ರ."

ಕತ್ತರಿಸಿದರು. ಒಳಗಿನ ಹಸಿ ಹಿಟ್ಟು ಚಾಕುವಿಗೆ ಅಂಟಿಕೊಂಡು ಬಂತು. ಉಬ್ಬಿದ್ದು ಎಲ್ಲರ ಕಣ್ಣೆದುರೇ ಕುಸಿಯಿತು.

ಇದು ಮರೆವಲ್ಲ, ಬೇಕೆಂದೇ ಮಾಡಿದ್ದು. ಸ್ವಂತ ಆಶ್ರಮದ ಪದ್ಧತಿಯನ್ನು ಗುರುವೇ ಮುರಿದಿದ್ದರು. ನಮ್ಮ ಮನೆಯ ಹಿರಿಯರು.

ಎಸ್ತೇರ್ ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ಹಲಗೆ ನೋಡಿದಳು. ಚಾಕು ನೋಡಿದಳು.

"ಪರವಾಗಿಲ್ಲ, ಎಸ್ತೇರಕ್ಕ," ಎಂದಿತು ಗುಂಪಿನಲ್ಲಿ ಒಂದು ಒಳ್ಳೆಯ ದನಿ. "ಮುಂದಿನ ಸಲ ಆಗುತ್ತದೆ."

ಅವಳು ದನಿ ಬಂದ ಕಡೆ ತಿರುಗಿದಳು.

"ಯಾರು ತೆಗೆದದ್ದು?"

"ನಾನು," ಎಂದರು ಸಲೋಮಿ ಅತ್ತೆ.

"ಯಾಕೆ?"

"ಸಂತೋಷ ತಡೆಯಲಾಗಲಿಲ್ಲ."

"ಅದು ಇನ್ನೂ ಆಗಿರಲಿಲ್ಲ," ಎಂದಳು ಎಸ್ತೇರ್. "ಅದು ನನ್ನದು. ಯಾವಾಗ ಕರೆಯಬೇಕು, ಯಾರನ್ನು ಕರೆಯಬೇಕು ಅಂತ ನಾನು ಹೇಳಬೇಕಿತ್ತು. ನೀವು ಎಲ್ಲರ ಮುಂದೆ..."

ಅಳಿಯ ತಲೆ ತಗ್ಗಿಸಿದ.

ಎಸ್ತೇರ್ ಅವನನ್ನು ಕಂಡಳು. ಮಾತು ಅಲ್ಲಿಗೇ ನಿಂತಿತು. ಆದರೆ ಕೋಪ ನಿಲ್ಲಲಿಲ್ಲ.

"ನೀವು ನನ್ನ ಕ್ಷಮೆ ಕೇಳಬೇಕು," ಎಂದಳು.

ನಮ್ಮ ಮನೆಯ ಹಿರಿಯರೊಡನೆ ಯಾರೂ ಹಾಗೆ ಮಾತನಾಡಿದವರಲ್ಲ. ನಾನು ಮುಂದೆ ಬಂದೆ. "ಎಸ್ತೇರ್, ಯಾರೆದುರು ನಿಂತಿದ್ದೀ ಅಂತ ಗೊತ್ತಿದೆಯಾ?"

ಸಲೋಮಿ ಅತ್ತೆ ಕೈಯೆತ್ತಿ ನನ್ನನ್ನು ತಡೆದರು.

ಆಮೇಲೆ ಅವರು ಮಾಡಿದ್ದು ನೋಡಿ ನಾನು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹಿಟ್ಟು ಮೆತ್ತಿದ ಎರಡೂ ಕೈಗಳನ್ನು ಜೋಡಿಸಿದರು. ಬಿಳಿ ತಲೆ ಬಾಗಿಸಿದರು. ಎಲ್ಲರೂ ನೋಡುತ್ತಿದ್ದರು.

"ತಪ್ಪಾಯಿತು, ಎಸ್ತೇರ್. ಮುಚ್ಚಳ ನಿನ್ನದು, ತೆಗೆದವಳು ನಾನು. ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿದೆ. ಕ್ಷಮಿಸು."

ಕಾರಣ ಹೇಳಲಿಲ್ಲ. ಒಳ್ಳೆಯದಕ್ಕೆ ಮಾಡಿದೆ ಎನ್ನಲಿಲ್ಲ. ತಲೆಯನ್ನೂ ಎತ್ತಲಿಲ್ಲ.

ಎಸ್ತೇರ್ ಹತ್ತಿರ ಬಂದು ಆ ಜೋಡಿಸಿದ ಕೈಗಳನ್ನು ಹಿಡಿದಳು.

"ತಲೆ ಎತ್ತಿ, ಅಮ್ಮ," ಎಂದಳು. "ಸಾಕು."

"ನಿನಗೆ ಸಾಕಾಯಿತಾ?"

"ಸಾಕಾಯಿತು." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬೇಕಾಗಿದ್ದದ್ದು ಇಷ್ಟೇ ಮಾತು."

"ಇಷ್ಟೇ."

ಅಷ್ಟರಲ್ಲಿ ಅಳಿಯ ಹೊರಗೆ ಹೋಗಿ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ. ಎಸ್ತೇರ್ ಹಲಗೆಯ ಮೇಲೆ ಕುಸಿದು ಬಿದ್ದಿದ್ದ ಬ್ರೆಡ್ಡನ್ನು ಮುಟ್ಟಿ ನೋಡಿದಳು.

"ಇದು ಹಾಳಾಯಿತು, ಅಮ್ಮ. ಈಗ ಅವಳಿಗೆ ನಾನು ಏನು ಕಳಿಸಲಿ?"

ಸಲೋಮಿ ಅತ್ತೆ ಚಾಕುವಿಗೆ ಅಂಟಿದ ಹಿಟ್ಟನ್ನು ಒರೆಸಿದರು.

"ಏನೂ ಕಳಿಸಬೇಡ. ಬರಿಗೈಯಲ್ಲಿ ನೀನೇ ಹೋಗು. ಕ್ಷಮೆ ಕೇಳು."