ತಾಟೆ ಮೀನಿನ ಹಲ್ಲಷ್ಟೇ ಏಕೆ ಉಳಿಯಿತು

ಲೋಕ ಆಗಿನ್ನೂ ಹೊಸದು. ಕಡಲಿನ ಉಪ್ಪು ಸರಿಯಾಗಿ ಕರಗಿರಲಿಲ್ಲ, ಅಲೆಗಳಿಗೆ ಹೋಗಿ ಬರುವ ಅಭ್ಯಾಸ ಆಗಿರಲಿಲ್ಲ. ಆ ಕಾಲದಲ್ಲಿ ಕಡಲಿನ ತಳದಲ್ಲಿ ಒಬ್ಬ ಏಡಿಯಜ್ಜ ಇದ್ದ.

ಏಡಿಯಜ್ಜನಿಗೊಂದು ಅಂಗಳವಿತ್ತು. ಕಡಲಿನಲ್ಲಿ ಯಾರು ಸತ್ತರೂ ಅವರ ಎಲುಬನ್ನು ಆ ಅಂಗಳದಲ್ಲಿ ಇಡುವುದು ಆಗಿನ ಪದ್ಧತಿ. ಮರಿಗಳು ಬಂದು, ನಮ್ಮ ಅಜ್ಜಿ ಎಷ್ಟು ದೊಡ್ಡವಳು, ನಮ್ಮಪ್ಪ ಹೇಗಿದ್ದ ಎಂದು ನೋಡಿಕೊಂಡು ಹೋಗುತ್ತಿದ್ದವು.

ಆದರೆ ಏಡಿಯಜ್ಜನಿಗೆ ಯಾವುದೂ ಸುಲಭಕ್ಕೆ ಮನಸ್ಸಿಗೆ ಹಿಡಿಸುತ್ತಿರಲಿಲ್ಲ. ತಂದದ್ದನ್ನು ಇಕ್ಕಳದಂಥ ಕೈಯಲ್ಲಿ ಹಿಡಿದು, ಕಣ್ಣು ಚಾಚಿ, ಮಗುಚಿ ಮಗುಚಿ ನೋಡುತ್ತಿದ್ದ. ತುದಿ ಮುರಿದಿದ್ದರೆ ಬೇಡ. ಅಂಚು ಮುಕ್ಕಾಗಿದ್ದರೆ ಬೇಡ. ಬೇಡವಾದದ್ದನ್ನೆಲ್ಲ ಹಿತ್ತಲಿಗೆ ಎಸೆದುಬಿಡುತ್ತಿದ್ದ.

ಅದೇ ಕಡಲಿನಲ್ಲಿ ಒಬ್ಬಳು ತಾಟೆ ಇದ್ದಳು. ಪೇಟೆಯವರು ಶಾರ್ಕ್ ಎನ್ನುತ್ತಾರಲ್ಲ, ಕರಾವಳಿಯವರಿಗೆ ಅದೇ ತಾಟೆ. ಆಗ ಅವಳಿಗೆ ಎಲ್ಲರ ಹಾಗೆ ಗಟ್ಟಿ ಎಲುಬಿತ್ತು, ಹಲ್ಲು ಮಾತ್ರ ಒಂದೇ ಸಾಲು. ಸಿಕ್ಕಿದ್ದನ್ನೆಲ್ಲ ಕಚ್ಚುವ ಬಾಯಿಗೆ ಒಂದು ಸಾಲು ಎಲ್ಲಿ ಸಾಕು? ಒಂದೊಂದಾಗಿ ಉದುರಿ ಬಾಯಿ ಬೋಳಾಯಿತು. ಪುಟ್ಟ ಮೀನುಗಳು ಅವಳ ಮೂಗಿನ ಮುಂದೆಯೇ ಓಡಾಡತೊಡಗಿದವು. ಪಾಪ, ಅವಳು ಬಸುರಿ ಬೇರೆ. ಅವಳು ಉಪವಾಸ ಬಿದ್ದರೆ ಹೊಟ್ಟೆಯಲ್ಲಿದ್ದ ಮರಿಗಳೂ ಉಪವಾಸ.

ತಾಟೆ ಕಡಲಮ್ಮನ ಹತ್ತಿರ ಹೋದಳು.

"ಅಮ್ಮಾ, ನನಗೆ ಹಲ್ಲು ಬೇಕು. ಉದುರಿದರೂ ಮತ್ತೆ ಬರುವ ಹಲ್ಲು ಬೇಕು."

ಕಡಲಮ್ಮ ಯೋಚನೆ ಮಾಡಿದಳು. "ಹಲ್ಲಿಗೂ ಎಲುಬಿಗೂ ನನ್ನ ಹತ್ತಿರ ಇರುವುದು ಒಂದೇ ಹಿಟ್ಟು ಮಗಳೇ. ನಿನ್ನ ಪಾಲು ಮುಗಿದಿದೆ. ನಿನ್ನ ಎಲುಬು ಕೊಟ್ಟರೆ ಅದನ್ನೇ ನಾದಿ ಹಲ್ಲು ಮಾಡಿ ಕೊಡಬಹುದು."

ಪಕ್ಕದಲ್ಲೇ ಇದ್ದ ಏಡಿಯಜ್ಜ ಅಡ್ಡಡ್ಡ ಓಡಿ ಬಂದ. "ಬೇಡ ಮಾರಾಯ್ತಿ. ಎಲುಬು ಕೊಟ್ಟರೆ ನೀನು ಸತ್ತ ಮೇಲೆ ಅಂಗಳದಲ್ಲಿ ಇಡಲಿಕ್ಕೆ ಎಂತ ಉಂಟು? ನಿನ್ನ ಮಕ್ಕಳು ಬಂದು ಕೇಳಿದರೆ ನಾನು ಎಂತ ತೋರಿಸುವುದು?"

"ಮಕ್ಕಳು ಹುಟ್ಟಿದರೆ ಅಲ್ವಾ ಅಜ್ಜ, ಬಂದು ಕೇಳುವುದು?" ಎಂದಳು ತಾಟೆ.

ಕೊಟ್ಟೇಬಿಟ್ಟಳು. ನಿನ್ನ ಕಿವಿಯನ್ನು ಒಮ್ಮೆ ಮಡಚಿ ನೋಡು, ಅವಳ ಮೈಯೊಳಗೆ ಉಳಿದದ್ದು ಅಷ್ಟು ಮೆದುವಾದದ್ದು. ಬಾಯೊಳಗೆ ಮಾತ್ರ ಸಾಲಿನ ಹಿಂದೆ ಸಾಲು, ಅದರ ಹಿಂದೆ ಇನ್ನೊಂದು ಸಾಲು ಹಲ್ಲು. ಅವಳು ಹೊಟ್ಟೆ ತುಂಬಾ ತಿಂದಳು. ಮರಿಗಳು ಹುಟ್ಟಿದವು, ಹುಟ್ಟಿದ ಕೂಡಲೇ ತಮ್ಮ ಪಾಡಿಗೆ ಈಜಿ ಹೋದವು. ತಾಟೆಯ ಮಕ್ಕಳ ರೀತಿಯೇ ಹಾಗೆ.

ಹೊಸ ಹಲ್ಲು ಬಂದ ದಿನದಿಂದಲೇ ಅವಳು ಹೋದಲ್ಲೆಲ್ಲ ಹಲ್ಲು ಉದುರಿತು. ಏಡಿಯಜ್ಜ ಒಂದನ್ನೂ ಬಿಡದೆ ಆರಿಸಿ ತಂದ, ಮಗುಚಿ ನೋಡಿದ, ಹಿತ್ತಲಿಗೆ ಎಸೆದ. ಒಂದೇ ಒಂದು ಮಾತ್ರ ಅವನ ಮನಸ್ಸಿಗೆ ಹಿಡಿಸಿತು. ಆಮೇಲೆ ಒಂದು ದಿನ ತಾಟೆ ಸತ್ತಳು. ಅವಳ ಮೈ ನೀರಿನಲ್ಲಿ ಕರಗಿಹೋಯಿತು, ಅಂಗಳಕ್ಕೆ ಏನೂ ಬರಲಿಲ್ಲ.

ಹೀಗಿರುವಾಗ ಒಂದು ತಾಟೆಮರಿ ಅಂಗಳಕ್ಕೆ ಬಂತು. ತಿಮಿಂಗಿಲದ ಮಗ ತನ್ನ ಅಜ್ಜನ ಪಕ್ಕೆಲುಬಿನ ನಡುವೆ ನುಸುಳಿ ಆಡುತ್ತಿದ್ದ. ಮರಿ ಸ್ವಲ್ಪ ಹೊತ್ತು ಅದನ್ನೇ ನೋಡಿತು.

"ಅಜ್ಜ, ನಾನು ನಮ್ಮಮ್ಮನನ್ನು ನೋಡಿದ್ದೇ ಇಲ್ಲ. ಅವಳದ್ದು ಯಾವುದು?"

ಏಡಿಯಜ್ಜನಿಗೆ ಸಂಕಟವಾಯಿತು. ಎತ್ತಿಟ್ಟಿದ್ದ ಆ ಒಂದು ಹಲ್ಲನ್ನು ತಂದ. "ನೋಡು ಮಗಾ, ತುದಿ ಉಂಟು, ಅಂಚಿನ ಗರಗಸ ಉಂಟು, ಬುಡ ಉಂಟು. ಒಂದು ಗೀರೂ ಇಲ್ಲ."

ಮರಿ ಅದರ ಸುತ್ತ ಒಂದು ಸುತ್ತು ಬಂತು. "ಚೆಂದ ಉಂಟು. ಇದರಲ್ಲಿ ಅಮ್ಮ ಎಂತ ತಿಂದದ್ದು?"

"ಎಂತದೂ ತಿನ್ನಲಿಲ್ಲ. ತಿನ್ನುವ ಮೊದಲೇ ಬಿದ್ದದ್ದು."

"ಹಾಗಾದರೆ ತಿಂದ ಹಲ್ಲು ಎಲ್ಲಿ?"

ಏಡಿಯಜ್ಜ ಆ ಹಲ್ಲನ್ನು ಹಿಡಿದುಕೊಂಡೇ ಹಿತ್ತಲ ಕಡೆ ಓಡಿದ. ಮರಿಯೂ ಹಿಂದೆಯೇ ಬಂತು. ಅಲ್ಲಿ ಅಲೆಗಳು ಹಲ್ಲುಗಳನ್ನು ಉರುಳಿಸಿ ಉರುಳಿಸಿ ಆಡುತ್ತಿದ್ದವು. ಕೆಲವು ಆಗಲೇ ಸವೆದು, ಗರಗಸ ಮಾಸಿ ನುಣ್ಣಗಾಗಿದ್ದವು. ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡ.

"ಇದರ ಅಂಚು ಮುಕ್ಕಾಗಿದೆಯಲ್ಲ, ಇದು ದೊಡ್ಡ ಮೀನಿನ ಬೆನ್ನೆಲುಬಿಗೆ ತಾಗಿದ್ದು. ಇದರ ತುದಿ ಹೋಗಿದೆಯಲ್ಲ, ಇದು ಹೊಸ ಹಲ್ಲು ಬಂದ ದಿನವೇ ಆಮೆಯ ಚಿಪ್ಪು ಕಚ್ಚಿದ್ದು. ಆಗ ನೀನು ಹೊಟ್ಟೆಯಲ್ಲಿದ್ದೆ."

"ಅಂದರೆ ಇದು ನನಗೂ ಸೇರಿಸಿ ತಿಂದದ್ದಾ?"

"ಹೌದು ಮಗಾ."

ಮರಿ ಆ ತುದಿ ಮುರಿದ ಹಲ್ಲಿಗೆ ಮೂಗು ತಾಗಿಸಿ ನಿಂತಿತು. ಏಡಿಯಜ್ಜ ಎಷ್ಟು ಕರೆದರೂ ಚೆಂದದ ಹಲ್ಲಿನ ಕಡೆ ತಿರುಗಿ ನೋಡಲಿಲ್ಲ.

ಇವನ್ನು ಅಲೆಗಳ ಕೈಗೆ ಬಿಟ್ಟರೆ ಉಳಿಯುವುದಿಲ್ಲವೆಂದು ಏಡಿಯಜ್ಜ ತಳದ ಕೆಸರಜ್ಜಿಯ ಹತ್ತಿರ ಹೋದ. "ಇಷ್ಟನ್ನೂ ಇಟ್ಟುಕೊಳ್ತೀಯಾ?"

"ಮುರಿದದ್ದನ್ನೂ ತಂದಿದ್ದೀಯಲ್ಲ, ಹುಷಾರಾಗಿದ್ದೀಯಾ?" ಎಂದು ಕೆಸರಜ್ಜಿ ಕಿಚಾಯಿಸಿದಳು. "ಇಟ್ಟುಕೊಳ್ತೇನೆ. ಆದರೆ ನನ್ನ ಮಡಿಲಲ್ಲಿ ಮಲಗಿದರೆ ನನ್ನ ಬಣ್ಣ ಹತ್ತುತ್ತದೆ. ಆಮೇಲೆ ಬೆಳ್ಳಗೇ ಬೇಕು ಅಂತ ಬರಬೇಡ."

"ಬಣ್ಣ ಹೋದರೆ ಹೋಗಲಿ, ಹಲ್ಲು ಇರಲಿ," ಎಂದ ಏಡಿಯಜ್ಜ.

ಹಲ್ಲುಗಳು ಕೆಸರಿನಲ್ಲಿ ಮಲಗಿ ಮಲಗಿ ಕಲ್ಲಾದವು. ಎಷ್ಟೋ ಕಾಲದ ಮೇಲೆ ಕಡಲು ಹಿಂದೆ ಸರಿದು ಆ ತಳವೆಲ್ಲ ನೆಲವಾಯಿತು. ಅದಕ್ಕೇ ಇಂದಿಗೂ ನೆಲ ಅಗೆದರೆ ತಾಟೆಯ ಎಲುಬು ಸಿಗುವುದು ಅಪರೂಪ, ಹಲ್ಲು ಮಾತ್ರ ಸಿಗುತ್ತದೆ. ಕಪ್ಪು ಕೆಸರಿನಲ್ಲಿ ಮಲಗಿದ್ದು ಕಪ್ಪಗೆ, ಕೆಮ್ಮಣ್ಣಿನಲ್ಲಿ ಮಲಗಿದ್ದು ಕಂದು ಬಣ್ಣದಲ್ಲಿ. ನಿನಗೂ ಒಂದು ಸಿಕ್ಕಿದರೆ ಮಗುಚಿ ನೋಡು, ತುದಿ ಮುರಿದಿದ್ದರೆ ಎಸೆಯಬೇಡ, ಅದು ಮುರಿದ ದಿನ ಯಾವುದೋ ಮರಿಯ ಅಮ್ಮನ ಹೊಟ್ಟೆ ತುಂಬಿತ್ತು.