ಒಡೆಸದೆ ಉಳಿದ ನೆಲ

ಒಡೆಸುವ ಕೂಲಿ ಉಳಿಯಲೆಂದು ವಾರಿಜಮ್ಮ ಅಡುಗೆಮನೆಯ ಹಳೇ ಟೈಲ್ಸ್ ಮೇಲೆಯೇ ಹೊಸದನ್ನು ಹಾಕಿಸಿದರು. ಬೀಗುತ್ತಿದ್ದ ಹೊಸ ಟೈಲ್ಸಿಗೆ ಬೆನ್ನ ಕೆಳಗೆ ಯಾರೋ ಉಸಿರಾಡಿದಂತಾಯಿತು.

“ಯಾರದು?”

“ನಿನಗಿಂತ ಮುಂಚೆ ಹೊಳೆಯುತ್ತಿದ್ದ ಟೈಲ್ಸ್.”

“ನಿನ್ನ ಕೆಳಗೆ?”

“ಕೆಂಪು ಗಾರೆ. ಅದರ ಕೆಳಗೆ ಸಗಣಿ ಸಾರಿಸಿದ ಮಣ್ಣು. ನಮ್ಮನ್ನು ಯಾರೂ ಒಡೆಸಲಿಲ್ಲ. ಎಲ್ಲರಿಗೂ ಇನ್ನೂ ಜೀವವಿದೆ.”

ಅಷ್ಟರಲ್ಲಿ ಒಳಬಂದ ವಾರಿಜಮ್ಮನ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ನೆಲ ಏರುತ್ತಾ ಬಂದಿತ್ತು, ಬಾಗಿಲು ಇದ್ದಷ್ಟೇ ಇತ್ತು.

“ಬಗ್ಗಿ ಬಂದರಾಯ್ತು ಬಿಡಿ,” ಎಂದು ಹಣೆ ಉಜ್ಜಿಕೊಳ್ಳುತ್ತಾ ಗಂಡನಿಗೆ ಹೇಳಿದರು. “ಮುಂದಿನ ಸಲವೂ ಒಡೆಸೋದು ಬೇಡ ರೀ, ಇದರ ಮೇಲೇ ಹಾಕಿಸೋಣ.”

ಹೊಸ ಟೈಲ್ಸ್ ಕೆಳಗಿನವರನ್ನು ಕೇಳಿತು. “ಆಮೇಲೆ?”

“ಆಮೇಲೆ ತೆವಳಿಕೊಂಡು ಬರುತ್ತಾರೆ,” ಎಂದಿತು ಎಲ್ಲಕ್ಕಿಂತ ಕೆಳಗಿದ್ದ ಮಣ್ಣು. “ಕೊನೆಗೆ ನನ್ನ ಬಳಿಗೇ ಬರಬೇಕು, ನನಗೇನೂ ಅವಸರವಿಲ್ಲ.”