ಬಲಗಡೆಯ ಅಧ್ಯಕ್ಷರು

ಹೋದ ವರ್ಷ ಯುಗಾದಿಯ ಮರುವಾರ ಇದು ನಡೆಯಿತು. ಪುರಸಭೆ ಅಧ್ಯಕ್ಷ ಗುರುಸಿದ್ದಪ್ಪನವರ ಮೇಜಿಗೆ ಕಿಟಕಿಯಗಲದ ಹೊಸ ಕಂಪ್ಯೂಟರ್ ಪರದೆ ಬಂತು. ಪುರಸಭೆಯ ವೆಬ್ ಪುಟ ಅದರ ನಡುವೆ ಸಣ್ಣದಾಗಿ ಕಂಡಿತು. ಅವರು ಆಪರೇಟರ್ ತಾರಾಮತಿಯನ್ನು ಕರೆಸಿದರು.

"ಏನವ್ವಾ ಇದು, ಅಂಗಳದಾಗ ಕರ್ಚೀಫ್ ಒಣಹಾಕಿದಂಗ ಐತಿ. ಈ ತುದಿಯಿಂದ ಆ ತುದಿಗೆ ತುಂಬಿಸು."

"ಜನ ಫೋನ್‌ನಾಗ ನೋಡ್ತಾರ್ರೀ ಸಾಹೇಬ್ರ. ಬಲಗಡೆ ಇರೋ ನೀರಿನ ಟೈಮ್ ಈಗ್ಲೇ ಅವ್ರಿಗೆ ಕಾಣಂಗಿಲ್ಲ."

"ಅಧ್ಯಕ್ಷ ನಾನೋ, ಫೋನೋ?"

ತಾರಾಮತಿ ಬೇರೆ ದಾರಿ ಹಿಡಿದಳು. ವೇಳೆ ತಿಳಿಯದೆ ನಸುಕಿನಿಂದ ನಲ್ಲಿ ಕಾಯುವವರಲ್ಲಿ ಅವಳ ಅವ್ವನೂ ಒಬ್ಬಳು.

"ಆತ್ರೀ. ನಿಮ್ಮ ಫೋಟೋ ಎಲ್ಲಿ ಹಾಕ್ಲಿ?"

"ಕೇಳೋದೇನೈತಿ? ದೊಡ್ಡವರು ಕುಂದ್ರೋದು ಬಲಕ್ಕ. ಎಡಕ್ಕ ಉಪಾಧ್ಯಕ್ಷಂದು ಒಗಿ."

ಅವಳು ಹೇಳಿದಂತೆಯೇ ಮಾಡಿದಳು. ಮರುದಿನದ ಸಭೆಯಲ್ಲಿ ಅಧ್ಯಕ್ಷರು, ಹೊಸ ಪುಟ ನೋಡಿರೆಂದು ಸದಸ್ಯರಿಗೆಲ್ಲ ಹೇಳಿದರು. ಎಲ್ಲರೂ ಫೋನ್ ತೆಗೆದರು. ಒಬ್ಬ ಸದಸ್ಯ ಎದ್ದು ಹೋಗಿ ಉಪಾಧ್ಯಕ್ಷರ ಕೈ ಕುಲುಕಿದ.

"ಅಧ್ಯಕ್ಷರಾದದ್ದು ಯಾವಾಗ್ರೀ? ಹೇಳೇ ಇಲ್ಲ."

ಗುರುಸಿದ್ದಪ್ಪನವರು ತಮ್ಮ ಫೋನನ್ನು ಧೋತರಕ್ಕೆ ಉಜ್ಜಿ ಮತ್ತೆ ನೋಡಿ, ಬಾಗಿಲ ಬಳಿ ನಿಂತಿದ್ದ ತಾರಾಮತಿಯತ್ತ ತಿರುಗಿದರು.

"ನಾ ಎಲ್ಲಿ ಅದೀನವ್ವಾ?"

"ನೀರಿನ ಟೈಮ್ ಬಾಜೂಕ ಅದೀರಿ ಸಾಹೇಬ್ರ. ಪರದೆ ಹೊರಗ."

ಅವರು ದನಿ ತಗ್ಗಿಸಿದರು. "ಒಳಗ ಕರಕೋ. ನೀರನ್ನೂ ಕರಕೋ."

ಸಂಜೆಯೊಳಗೆ ಪುಟ ಆಯಾ ಪರದೆಗೆ ತಕ್ಕಂತೆ ಹಿಗ್ಗಿ ಕುಗ್ಗುವಂತಾಯಿತು. ದೊಡ್ಡ ಪರದೆಯಲ್ಲಿ ಅಧ್ಯಕ್ಷರು ಬಲಕ್ಕೆ, ಫೋನಿನಲ್ಲಿ ಎಲ್ಲರಿಗಿಂತ ಮೇಲೆ. ಅವರ ಕೆಳಗೇ ನೀರಿನ ವೇಳೆ.

ಮರುದಿನ ನಸುಕಿನಲ್ಲಿ ಅವ್ವ ಫೋನ್ ನೋಡಿ, ಕೊಡ ಬದಿಗಿಟ್ಟು, ಮತ್ತೆ ಹೊದ್ದು ಮಲಗಿದಳು. ನೀರು ಬಂದದ್ದು ಏಳೂವರೆಗೆ.